ಬೀಗದ ಚಿತ್ರ ಏನು ಹೇಳುತ್ತಿದೆ?

ಹೋದ ತಿಂಗಳು ಒಂದು ಹಾಳೆಯಲ್ಲಿ ನಾಲ್ಕು ಚಿತ್ರ ಬರೆದು ಚಿಕ್ಕಮ್ಮನ ಮುಂದೆ ಇಟ್ಟೆ. ಒಂದು ಬೀಗ. ಒಂದು ಸೊನ್ನೆಯೊಳಗೆ ಇಂಗ್ಲಿಷಿನ ‘i’ ಅಕ್ಷರ. ಒಂದು ತ್ರಿಕೋನದೊಳಗೆ ಆಶ್ಚರ್ಯಸೂಚಕ ಚಿಹ್ನೆ. ಕೊನೆಯದು ಕ್ರೋಮ್‌ನ ಹೊಸ ಐಕಾನ್, ಎರಡು ಗೆರೆ, ಎರಡು ಪುಟ್ಟ ಸೊನ್ನೆ. ಬ್ರೌಸರ್‌ನಲ್ಲಿ ವೆಬ್‌ಸೈಟ್ ವಿಳಾಸದ ಪಕ್ಕ ಕಾಣಿಸುತ್ತವಲ್ಲ, ಅವೇ.

“ಚಿಕ್ಕಮ್ಮಾ, ಇವಕ್ಕೆ ಏನು ಅರ್ಥ?” ಅಂತ ಕೇಳಿದೆ. ಅವರು ಬೀಗದ ಮೇಲೆ ಬೆರಳಿಟ್ಟರು. “ಇದು ಒಳ್ಳೇ ಸೈಟು ಅಂತ ಕಣೋ. ಯಾರೋ ನೋಡಿ ಒಪ್ಪಿಗೆ ಕೊಟ್ಟಿರ್ತಾರೆ.”

ಉತ್ತರ ತಪ್ಪು. ಆದರೆ ತಪ್ಪು ಚಿಕ್ಕಮ್ಮನದಲ್ಲ. ಇವತ್ತು ನಾನು ಹೇಳಬೇಕು ಅಂತಿರುವುದು ಇದನ್ನೇ.

ಬೀಗ ಹೇಳುವುದು ತುಂಬಾ ಚಿಕ್ಕ ವಿಷಯ. ನಿಮ್ಮ ಬ್ರೌಸರ್‌ಗೂ ಆ ವಿಳಾಸಕ್ಕೂ ನಡುವೆ ಹೋಗುವ ಮಾತನ್ನು ದಾರಿಯಲ್ಲಿ ಯಾರೂ ಓದಲಾರರು, ತಿದ್ದಲಾರರು. ಅಷ್ಟೇ. ಲಕೋಟೆಗೆ ಗಟ್ಟಿಯಾಗಿ ಅಂಟು ಹಾಕಿ ಕಳಿಸಿದ ಹಾಗೆ. ಆದರೆ ಲಕೋಟೆಯ ಮೇಲಿರುವ ವಿಳಾಸವೇ ಕಳ್ಳನದಾಗಿದ್ದರೆ? ಪತ್ರ ಭದ್ರವಾಗಿ ಹೋಗಿ ಕಳ್ಳನ ಕೈ ಸೇರುತ್ತದೆ. ಬೀಗ ಆಗಲೂ ಇರುತ್ತದೆ.

1994ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಬಂದಾಗ ಬೀಗ ಇರಲಿಲ್ಲ, ಕೀಲಿಕೈ ಇತ್ತು. ಮಾಮೂಲಿ ಪುಟದಲ್ಲಿ ಮುರಿದ ಕೀಲಿಕೈ, ಭದ್ರ ಪುಟದಲ್ಲಿ ಇಡಿಯಾದದ್ದು. ಆಮೇಲೆ ಬೀಗ ಬಂತು. ಸೈಟಿಗೆ ಬೀಗ ಬರಬೇಕಾದರೆ ಸರ್ಟಿಫಿಕೇಟ್ ಅನ್ನುವ ಡಿಜಿಟಲ್ ಗುರುತುಪತ್ರ ಬೇಕು. ಆಗ ಅದಕ್ಕೆ ದುಡ್ಡು ಕೊಡಬೇಕಿತ್ತು, ಕೆಲವೇ ಸೈಟುಗಳು ತೆಗೆದುಕೊಳ್ಳುತ್ತಿದ್ದವು. “ಬೀಗ ಇದ್ದರೆ ನಂಬಿ” ಅಂತ ಕಂಪ್ಯೂಟರ್ ಬಲ್ಲ ನಾವೇ ವರ್ಷಗಟ್ಟಲೆ ಜನಕ್ಕೆ ಪಾಠ ಹೇಳಿದೆವು. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸೇವೆ ಎಲ್ಲರಿಗೂ ಸರ್ಟಿಫಿಕೇಟನ್ನು ಬಿಟ್ಟಿಯಾಗಿ ಕೊಡಲು ಶುರು ಮಾಡಿತು. ಅದು ಬಹಳ ಒಳ್ಳೆಯ ಕೆಲಸ, ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಬೀಗ ಮೋಸಗಾರರಿಗೂ ಸುಲಭವಾಗಿ ಸಿಕ್ಕಿತು. 2019ರಲ್ಲಿ ಅಮೆರಿಕದ ಎಫ್‌ಬಿಐ, ಬರೀ ಬೀಗ ನೋಡಿ ಸೈಟನ್ನು ನಂಬಬೇಡಿ ಅಂತ ಎಚ್ಚರಿಕೆ ಕೊಡಬೇಕಾಯಿತು. ಹಳೇ ಪಾಠ ಮಾತ್ರ ಚಿಕ್ಕಮ್ಮನ ತಲೆಯಲ್ಲಿ ಹಾಗೇ ಉಳಿದಿದೆ.

ಹಾಗಾದರೆ ಜನಕ್ಕೆ ಏನು ಅರ್ಥವಾಗುತ್ತಿದೆ ಅಂತ ತಿಳಿಯೋದು ಹೇಗೆ? ಕೇಳಿದರೆ ಸಾಕು ಅಂತ ಅನಿಸುತ್ತದೆ, ಅಲ್ವಾ? ನಾನೂ ಹಾಳೆ ಹಿಡಿದು ಅದನ್ನೇ ಮಾಡಿದ್ದು. ಅದರಲ್ಲಿ ಒಂದು ದೊಡ್ಡ ತೊಂದರೆ ಇದೆ. “ಈ ಚಿತ್ರ ನೋಡಿ” ಅಂದ ಕ್ಷಣವೇ ಅವರು ನೋಡಿಬಿಡುತ್ತಾರೆ. ನಿಜವಾದ ಬದುಕಿನಲ್ಲಿ ಯಾರೂ ಅವರ ಪಕ್ಕ ನಿಂತು ಬೆರಳು ತೋರಿಸುವುದಿಲ್ಲ. ಯಾರೂ ಬೀಗ ನೋಡಲು ಬ್ರೌಸರ್ ತೆರೆಯುವುದೂ ಇಲ್ಲ. ಟಿಕೆಟ್ ಬುಕ್ ಮಾಡಬೇಕು, ದುಡ್ಡು ಕಳಿಸಬೇಕು, ಅರ್ಜಿ ತುಂಬಬೇಕು. ಗಮನವೆಲ್ಲ ಅಲ್ಲೇ.

2006ರಲ್ಲಿ ಸಂಶೋಧಕಿ ರಚನಾ ಧಮೀಜಾ ಮತ್ತು ಜೊತೆಗಾರರು 22 ಜನಕ್ಕೆ 20 ವೆಬ್‌ಸೈಟು ತೋರಿಸಿ, ಯಾವುದು ಅಸಲಿ, ಯಾವುದು ನಕಲಿ ಹೇಳಿ ಅಂದರು. ನೋಡಿ, ಅವರಿಗೆ ನಕಲಿ ಹುಡುಕುವುದೇ ಕೆಲಸವಾಗಿತ್ತು. ಆದರೂ ಸುಮಾರು ಕಾಲು ಭಾಗ ಜನ ಅಡ್ರೆಸ್ ಬಾರ್ ಕಡೆ ತಿರುಗಿಯೂ ನೋಡಲಿಲ್ಲ. ಪುಟದೊಳಗಿನ ಚಿತ್ರ, ಅಕ್ಷರ ನೋಡಿಯೇ ತೀರ್ಮಾನ ಮಾಡಿದರು. ಚೆನ್ನಾಗಿ ಮಾಡಿದ ಒಂದು ನಕಲಿ ಸೈಟು 90 ಪರ್ಸೆಂಟ್ ಜನರನ್ನು ನಂಬಿಸಿತು.

ಮರುವರ್ಷ ಇನ್ನೊಂದು ಅಧ್ಯಯನ ಬಂತು. ನನಗೆ ತುಂಬಾ ಇಷ್ಟವಾದದ್ದು ಅದು. ಒಂದು ಬ್ಯಾಂಕಿನ 67 ಗ್ರಾಹಕರನ್ನು ಕೂರಿಸಿ, ದಿನಾ ಮಾಡುವ ಬ್ಯಾಂಕಿಂಗ್ ಕೆಲಸ ಮಾಡಿ ಅಂದರು. ಸದ್ದಿಲ್ಲದೆ ಬೀಗ ತೆಗೆದುಬಿಟ್ಟರು. ಪಾಸ್‌ವರ್ಡ್ ಹಾಕದೆ ನಿಲ್ಲಿಸಿದವರು ಒಬ್ಬರೂ ಇಲ್ಲ. ಇದ್ದ ಬೀಗವೇ ಕಣ್ಣಿಗೆ ಬೀಳದಿದ್ದರೆ, ಇಲ್ಲದ ಬೀಗ ಹೇಗೆ ಬಿದ್ದೀತು? ಬೀಗ ಇಲ್ಲದ ಜಾಗವೇ ಎಚ್ಚರಿಕೆ ಅಂತ ಅಂದುಕೊಂಡದ್ದೇ ಮೊದಲ ಎಡವಟ್ಟು.

ಆ ಅಧ್ಯಯನದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕೆಲವರಿಗೆ ಸುಳ್ಳು ಖಾತೆ ಕೊಟ್ಟು, ಇದು ನಿಮ್ಮದೇ ಅಂದುಕೊಳ್ಳಿ ಅಂದಿದ್ದರು. ಕೆಲವರು ಸ್ವಂತ ಖಾತೆಯನ್ನೇ ಬಳಸಿದರು. ಸುಳ್ಳು ಖಾತೆಯವರು ಜಾಸ್ತಿ ಅಜಾಗರೂಕರಾಗಿದ್ದರು. ಕಳೆದುಕೊಳ್ಳುವುದು ಏನೂ ಇಲ್ಲದವರಿಗೆ ಭಯ ಎಲ್ಲಿಂದ ಬರಬೇಕು? ಅಂದರೆ ಪರೀಕ್ಷೆ ಮಾಡುವ ರೀತಿಯೇ ಉತ್ತರವನ್ನು ಬದಲಿಸುತ್ತದೆ. ಹಾಗಂತ ಜನರ ನಿಜವಾದ ಪಾಸ್‌ವರ್ಡ್ ಜೊತೆ ಆಟವಾಡುವುದೂ ಸರಿಯಲ್ಲ. ಇದು ಸುಲಭದ ಕೆಲಸವಲ್ಲ, ಅದಕ್ಕೇ ಇದನ್ನು ಮಾಡುವವರ ಮೇಲೆ ನನಗೆ ಗೌರವ.

2016ರಲ್ಲಿ ಗೂಗಲ್‌ನ ಏಡ್ರಿಯನ್ ಪೋರ್ಟರ್ ಫೆಲ್ಟ್ ಮತ್ತು ತಂಡದವರು ಸಾವಿರದ ಮುನ್ನೂರಕ್ಕೂ ಹೆಚ್ಚು ಜನರನ್ನು ಕೇಳಿ, ವಿಳಾಸದ ಪಕ್ಕ ತೋರಿಸಲು 40 ಗುರುತುಗಳಲ್ಲಿ ಮೂರನ್ನು ಆರಿಸಿದರು. ಅಷ್ಟು ಶ್ರಮಪಟ್ಟ ಮೇಲೂ, 2021ರಲ್ಲಿ ಗೂಗಲ್ ಮತ್ತೆ ನೋಡಿದಾಗ ಬೀಗದ ಅರ್ಥ ಸರಿಯಾಗಿ ಹೇಳಿದವರು 11 ಪರ್ಸೆಂಟ್ ಮಾತ್ರ. 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬೀಗವನ್ನೇ ತೆಗೆದು, ಆ ಎರಡು ಗೆರೆಯ ಐಕಾನ್ ಹಾಕಿತು. ನನ್ನ ಪ್ರಕಾರ ಅದು ಸರಿ. ಹೊಸ ಐಕಾನ್ ಏನನ್ನೂ ಭರವಸೆ ಕೊಡುವುದಿಲ್ಲ, ಹಾಗಾಗಿ ಸುಳ್ಳು ಭರವಸೆಯನ್ನೂ ಕೊಡುವುದಿಲ್ಲ. ಸೈಟು ಭದ್ರವಿಲ್ಲದಿದ್ದಾಗ ಮಾತ್ರ ‘ನಾಟ್ ಸೆಕ್ಯೂರ್’, ಅಂದರೆ ಭದ್ರವಿಲ್ಲ, ಅನ್ನುವ ಮಾತು ಬರುತ್ತದೆ. ಅದನ್ನು ಜನ ನೋಡುತ್ತಾರಾ?

ಅದಕ್ಕೇ ಮೊನ್ನೆ ಮತ್ತೆ ಚಿಕ್ಕಮ್ಮನ ಹತ್ತಿರ ಹೋದೆ. ಈ ಸಲ ಹಾಳೆ ಒಯ್ಯಲಿಲ್ಲ. ಭದ್ರವಿಲ್ಲದ, ನಾನೇ ಮಾಡಿದ ಒಂದು ಅರ್ಜಿಯ ಪುಟ ತೆರೆದು, ಒಂದು ಸುಳ್ಳು ಪಾಸ್‌ವರ್ಡ್ ಚೀಟಿಯಲ್ಲಿ ಬರೆದುಕೊಟ್ಟೆ. “ಇದನ್ನು ತುಂಬಿಕೊಡಿ” ಅಂದೆ, ಬೇರೇನೂ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ನಾಲ್ಕು ನಿಮಿಷ ತುಂಬಿದರು. ತಲೆ ಕೀಬೋರ್ಡ್ ಕಡೆ, ಕಣ್ಣು ಚೀಟಿ ಕಡೆ. ಮುಗಿದ ಮೇಲೆ ಪುಟದ ಮೇಲ್ಗಡೆ ಇದ್ದ ‘ನಾಟ್ ಸೆಕ್ಯೂರ್’ ಎಚ್ಚರಿಕೆ ತೋರಿಸಿದೆ. ಇದೊಂದು ಸುಮ್ನೆ ಅಭ್ಯಾಸದ ಪುಟ ಅಂತಲೂ ಹೇಳಿದೆ.

ಅವರು ಬಗ್ಗಿ, ಹತ್ತಿರದಿಂದ ಓದಿದರು. “ಇದು ಆಗಿನಿಂದ ಇಲ್ಲೇ ಇತ್ತಾ?” ಅಂದರು.