ಉಂದಿ, ರಂಡ್, ಮುಂಡ್

ಕೇಳುಗರಿಗೆ ನಮಸ್ಕಾರ.

ಉಂದಿ, ರಂಡ್, ಮುಂಡ್, ನಾಲುಂಗ್. ಯಾವ ಭಾಷೆಯೆಂದು ಹೇಳದಿದ್ದರೂ ಲೆಕ್ಕ ನಿಮಗೆ ಸಿಕ್ಕಿರಬೇಕು. ಒಂದು, ಎರಡು, ಮೂರು, ನಾಲ್ಕು. ಇದು ಗೊಂಡಿ, ಕನ್ನಡದ ದಾಯಾದಿ. ಛತ್ತೀಸಗಢದ ಬಸ್ತಾರ್ ಕಾಡಿನ ಮಗು ಮನೆಯಲ್ಲಿ ಹೀಗೆ ಎಣಿಸುತ್ತದೆ. ಶಾಲೆಯ ಹೊಸ್ತಿಲು ದಾಟಿದರೆ ಏಕ್, ದೋ, ತೀನ್. ದಾಟುವುದಕ್ಕೆ ಹೊಸ್ತಿಲು ಇರಬೇಕಲ್ಲ, ಅದೂ ಬಹಳ ಊರುಗಳಲ್ಲಿ ಇರಲಿಲ್ಲ.

2005ರಲ್ಲಿ ಮಾವೋವಾದಿಗಳ ವಿರುದ್ಧ ಸಲ್ವಾ ಜುಡುಮ್ ಶುರುವಾಯಿತು, ಸರ್ಕಾರದ ಬೆಂಬಲದಲ್ಲಿ ಊರಿನವರ ಕೈಗೇ ಆಯುಧ ಕೊಟ್ಟ ಚಳವಳಿ. ದಾಂತೇವಾಡ ಮತ್ತು ಬಿಜಾಪುರದ ನೂರಾರು ಹಳ್ಳಿಗಳು ಬರಿದಾದವು. ನಮ್ಮ ವಿಜಯಪುರವಲ್ಲ, ಛತ್ತೀಸಗಢದ ಇಂದ್ರಾವತಿ ನದಿ ಸೀಮೆಯ ಬಿಜಾಪುರ. ಕೆಲವರು ರಸ್ತೆಬದಿಯ ಶಿಬಿರ ಸೇರಿದರು, ಕೆಲವರು ಕಾಡಿನೊಳಕ್ಕೆ ಸರಿದರು, ಇನ್ನು ಕೆಲವರು ಗೋದಾವರಿಯ ಕಡೆಗೆ ಗುಳೆ ಹೋದರು. ಅಂಥ ಊರುಗಳಲ್ಲಿ ಗಟ್ಟಿ ಕಟ್ಟಡವೆಂದರೆ ಹೆಚ್ಚಾಗಿ ಶಾಲೆಯೊಂದೇ. ಹಾಗಾಗಿ ಭದ್ರತಾ ಪಡೆಗಳು ಅಲ್ಲಿ ಬೀಡುಬಿಟ್ಟವು. ಮತ್ತೆ ಬೀಡುಬಿಟ್ಟಾರೆಂದು ಮಾವೋವಾದಿಗಳು ಶಾಲೆಗಳನ್ನೇ ಉರುಳಿಸಿದರು. ಶಾಲೆ, ಹಾಸ್ಟೆಲ್‌ಗಳನ್ನು ತೆರವು ಮಾಡಿ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಪಡೆಗಳಿಗೆ ಹೇಳಬೇಕಾಯಿತು.

ಸುಕ್ಮಾ ಜಿಲ್ಲೆಯ ಜಗರಗುಂಡಾದಲ್ಲಿ 2006ರಲ್ಲಿ ಮುಚ್ಚಿದ ಶಾಲೆ ತೆರೆದದ್ದು 2019ರಲ್ಲಿ. ಹದಿಮೂರು ವರ್ಷ. ಮುಚ್ಚಿದಾಗ ಒಂದನೆಯ ತರಗತಿಯಲ್ಲಿದ್ದ ಹುಡುಗ ತೆರೆಯುವಷ್ಟರಲ್ಲಿ ಮತ ಹಾಕುವ ವಯಸ್ಸಿಗೆ ಬಂದಿದ್ದ.

ನಡುವೆ ಸರ್ಕಾರ ಕಂಡುಕೊಂಡ ದಾರಿ ಬಿದಿರು ಮತ್ತು ಪ್ಲೈವುಡ್ಡಿನ ವಸತಿ ಶಾಲೆ. ಕಾಗದದಲ್ಲಿ ಅದು ‘ಪೋರ್ಟಾ ಕ್ಯಾಬಿನ್’. ಜನರ ಬಾಯಲ್ಲಿ ‘ಪೋಟಾ ಕ್ಯಾಬಿನ್’. ಗೊಂಡಿಯಲ್ಲಿ ಪೋಟಾ ಎಂದರೆ ಹೊಟ್ಟೆ. ನಮ್ಮಲ್ಲೂ ಹೊಟ್ಟೆ ಹಿಂದೆ ಪೊಟ್ಟೆಯೇ ಆಗಿತ್ತು. ಪಕಾರ ಹಕಾರವಾಗಿ ನಾವು ಮರೆತಿದ್ದೇವೆ, ಅಷ್ಟೆ. ಅಂತೂ ಅದು ಹೊಟ್ಟೆಯ ಶಾಲೆ. ಎರಡು ಹೊತ್ತು ಊಟ ಸಿಗುತ್ತದೆ, ಗುಂಡಿನ ಸದ್ದು ದೂರ. ತಂದೆತಾಯಿ ಮಕ್ಕಳನ್ನು ಯಾಕೆ ಬಿಟ್ಟು ಬಂದರು ಎಂದು ಕೇಳುವ ಹಾಗಿಲ್ಲ.

ಆದರೆ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ನೆರೆಹೊರೆಯ ಶಾಲೆಯ ಮಾತನ್ನು. ಆರು ವರ್ಷದ ಮಗು ಅವ್ವನ ಮಗ್ಗುಲು ಬಿಟ್ಟು, ಅವ್ವನ ಭಾಷೆಯನ್ನೂ ಬಿಟ್ಟು ಹಾಸ್ಟೆಲಿನ ಮಂಚದ ಮೇಲೆ ಮಲಗುವುದನ್ನು ತಾತ್ಕಾಲಿಕ ಏರ್ಪಾಡು ಎನ್ನಬಹುದು. ಅದೇ ಪದ್ಧತಿಯಾದರೆ ನನಗೆ ಒಪ್ಪಿಗೆಯಿಲ್ಲ. 2024ರ ಮಾರ್ಚ್‌ನಲ್ಲಿ ಬಿಜಾಪುರ ಜಿಲ್ಲೆಯ ಇಂಥ ಒಂದು ಶಾಲೆಗೆ ಬೆಂಕಿ ಬಿದ್ದು ನಾಲ್ಕು ವರ್ಷದ ಹೆಣ್ಣುಮಗು ತೀರಿಕೊಂಡಿತು. ಬಿದಿರು ಬಹುಬೇಗ ಉರಿಯುತ್ತದೆ.

ಭಾಷೆಯ ಮಾತಿಗೆ ಬರುತ್ತೇನೆ. 2011ರ ಜನಗಣತಿಯಲ್ಲಿ ಗೊಂಡಿಯನ್ನು ತಾಯ್ನುಡಿ ಎಂದವರು 29 ಲಕ್ಷಕ್ಕೂ ಹೆಚ್ಚು. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಅದಕ್ಕೆ ಜಾಗವಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಗೊಂಡಿ, ಹಲ್ಬಿ ಮೊದಲಾದ ಭಾಷೆಗಳಲ್ಲಿ ಕಲಿಸುವುದಾಗಿ ಛತ್ತೀಸಗಢ ಸರ್ಕಾರ 2020ರಲ್ಲಿ ಘೋಷಿಸಿತು. ಘೋಷಣೆ ಒಳ್ಳೆಯದೇ. ಹೇಳಿಕೊಡುವವರು ಬೇಕಲ್ಲ?

ಇದ್ದಾರೆ. ಮತ್ತೆ ತೆರೆದ ಶಾಲೆಗಳಿಗೆ ಊರಿನ ಓದಿದ ಹುಡುಗರನ್ನೇ ಗೌರವಧನ ಕೊಟ್ಟು ನೇಮಿಸಿದ್ದಾರೆ. ಅವರ ಹೆಸರು ಶಿಕ್ಷಾದೂತರು. ಮಗುವಿನ ಮಾತು ಅವರಿಗೆ ಅರ್ಥವಾಗುತ್ತದೆ, ಅದರ ಅಪ್ಪ ಯಾರೆಂಬುದೂ ಗೊತ್ತು. ಪೊಲೀಸರ ಮಾಹಿತಿದಾರರೆಂದು ಹೊರಿಸಿ ಇವರಲ್ಲಿ ಹಲವರನ್ನು ಮಾವೋವಾದಿಗಳು ಕೊಂದಿದ್ದಾರೆ, 2025ರಲ್ಲೂ. ಆದರೂ ಆ ಕೆಲಸಕ್ಕೆ ಹುಡುಗರು ಹೋಗುತ್ತಿದ್ದಾರೆ. ತಗಡಿನ ಮಾಡು, ಒಂದು ಕರಿಹಲಗೆ. ಹಲಗೆಯ ಮೇಲೆ ಹಿಂದಿ ಅಂಕಿ, ಬಾಯಲ್ಲಿ ಉಂದಿ, ರಂಡ್, ಮುಂಡ್.

ನಮಸ್ಕಾರ.