ಬೆನ್ನಹುರಿಯ ತೂಬು

ಕೇಳುಗರಿಗೆ ನಮಸ್ಕಾರ.

ನಮ್ಮ ಮಂಡ್ಯದ ಕಡೆ ಕಬ್ಬು ಕಡಿಯುವವರನ್ನು ಕೇಳಿ ನೋಡಿ. ಕಡಿದ ಕೂಳೆ ಅಂಗಾಲಿಗೆ ಚುಚ್ಚಿದರೆ ಮೊದಲು ಚುರುಕ್ ಅನ್ನುತ್ತದೆ. ಒಂದು ಗಳಿಗೆ ಬಿಟ್ಟು ಉರಿ ಶುರುವಾಗುತ್ತದೆ. ಗಾಯ ಒಂದೇ, ನೋವು ಎರಡು ಸಲ. ಯಾಕೆಂದರೆ ಸುದ್ದಿ ಒಯ್ಯುವ ನರದ ಎಳೆಗಳು ಎರಡು ಬಗೆ. ಒಂದು ಬಗೆಯದರಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಇನ್ನೊಂದು ತೀರಾ ಸಣ್ಣದು, ಅದರಲ್ಲಿ ಸುದ್ದಿ ಸೆಕೆಂಡಿಗೆ ಒಂದು ಮೀಟರಿನಷ್ಟು ತೆವಳುತ್ತದೆ.

ಎರಡೂ ಬಂದು ಮುಟ್ಟುವುದು ಬೆನ್ನಹುರಿಯ ಹಿಂಬದಿಯ ನರಕೋಶಗಳನ್ನು. ಸುಮ್ನೆ ಇರುವಾಗ ಈ ಕೋಶದ ಒಳಗೆ ಸುಮಾರು ಮೈನಸ್ 60ರಿಂದ 70 ಮಿಲಿವೋಲ್ಟ್ ಇರುತ್ತದೆ. ಸುದ್ದಿ ಬಂದರೆ ಅದು ಏರುತ್ತದೆ. ಒಂದು ಮಟ್ಟ ದಾಟಿತೋ, ಕೋಶದ ಗೋಡೆಯ ಸೋಡಿಯಂ ಬಾಗಿಲುಗಳು ತೆರೆದು, ಸೋಡಿಯಂ ಒಳನುಗ್ಗಿ ಒಂದು ಕಿರು ವಿದ್ಯುತ್ ಅಲೆ, ಅಂದರೆ ಮಿಡಿತ, ಹಾರುತ್ತದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ತೂಬು ಎತ್ತಿದಾಗ ನೀರು ನುಗ್ಗುವ ಹಾಗೆ.

ಎಲ್ಲ ಕೋಶಗಳೂ ಒಂದೇ ಥರ ಮಿಡಿಯುವುದಿಲ್ಲ. ಕೆಲವು ಬಿಡದೆ ಮಿಡಿಯುತ್ತವೆ. ಕೆಲವು ಒಂದೇ ಸಲ ಮಿಡಿದು ಸುಮ್ಮನಾಗುತ್ತವೆ. ಇನ್ನು ಕೆಲವನ್ನು ಪೊಟ್ಯಾಸಿಯಂ ಹರಿವು ಹಿಡಿದು ನಿಲ್ಲಿಸುತ್ತದೆ, ಹಾಗಾಗಿ ತಡವಾಗಿ ಮಿಡಿಯುತ್ತವೆ. ನೋವನ್ನು ಮುಂದಕ್ಕೆ ದಾಟಿಸುವ ಕೋಶಗಳಲ್ಲಿ ಈ ತಡವಾಗಿ ಮಿಡಿಯುವಂಥವು ಜಾಸ್ತಿ. ಆ ಹಿಡಿತ ಸಡಿಲವಾದರೆ ಏನಾದೀತು, ಯೋಚಿಸಿ.

ನೋವು ತಡೆಯುವ ಕೋಶಗಳೂ ಅಲ್ಲೇ ಇವೆ. ಪೆಟ್ಟಾದ ಜಾಗವನ್ನು ಉಜ್ಜಿಕೊಳ್ಳುತ್ತೇವೆ ಅಲ್ವಾ? ಆ ಸ್ಪರ್ಶದ ಸುದ್ದಿ ನೋವಿನ ಬಾಗಿಲನ್ನು ಅರ್ಧ ಮುಚ್ಚುತ್ತದೆ ಅಂತ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಹೇಳಿದರು. ವಿವರಗಳು ಆಮೇಲೆ ಬದಲಾದವು, ಆ ಬಾಗಿಲಿನ ಮಾತು ಉಳಿಯಿತು.

ನಮ್ಮವ್ವನ ಕಾಲಿಗೂ ಕೂಳೆ ಚುಚ್ಚಿತ್ತು. ಗಾಯ ಮಾಗಿತು, ಉರಿ ಹೋಗಲಿಲ್ಲ. ಸೀರೆಯ ಅಂಚು ತಾಕಿದರೂ ಕಾಲು ಎಳೆದುಕೊಳ್ಳುತ್ತಿದ್ದಳು. ಕೆಲಸಕ್ಕೆ ನೆಪ ಅಂದರು ಕೆಲವರು. ನಾನೂ ಹಾಗೇ ಅಂದುಕೊಂಡಿದ್ದೆ, ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನರದ ನೋವು ಅಂತ ವೈದ್ಯರೊಬ್ಬರು ಹೇಳಿದ್ದು ಎಷ್ಟೋ ಕಾಲದ ಮೇಲೆ.

ಆ ನಿಧಾನದ ಎಳೆ ಸೆಕೆಂಡಿಗೊಮ್ಮೆ ತಟ್ಟುತ್ತಲೇ ಇದ್ದರೆ, ಬೆನ್ನಹುರಿಯ ಕೋಶ ಪ್ರತಿ ಸಲ ಮೊದಲಿಗಿಂತ ಜಾಸ್ತಿ ಮಿಡಿಯುತ್ತದೆ. ಒಂದು ಬಗೆಯ ಬಾಗಿಲಿಗೆ ಮೆಗ್ನೀಸಿಯಂ ಬಿರಡೆಯಂತೆ ಕೂತಿರುತ್ತದೆ. ಕೋಶದ ವೋಲ್ಟೇಜ್ ಏರಿದಾಗ ಆ ಬಿರಡೆ ಕಳಚಿ ಕ್ಯಾಲ್ಸಿಯಂ ಒಳನುಗ್ಗುತ್ತದೆ. ನರಕ್ಕೇ ಏಟಾಗಿದ್ದರೆ ತಡೆಯುವ ಕೋಶಗಳ ಮಾತೂ ನಡೆಯದೆ ಹೋಗಬಹುದು. ಆಗ ಬರೀ ಸ್ಪರ್ಶವೂ ನೋವಾಗಿಬಿಡುತ್ತದೆ.

ಇಂಥ ನೋವಿಗೆ ಕೊಡುವ ಗ್ಯಾಬಪೆಂಟಿನ್ ಮಾತ್ರೆ, ನರದ ತುದಿಯ ಕ್ಯಾಲ್ಸಿಯಂ ಬಾಗಿಲಿಗೆ ಅಂಟಿ ಸುದ್ದಿ ಸುರಿಯುವುದನ್ನು ತಗ್ಗಿಸುತ್ತದೆ. ಅವ್ವ ಆ ವೈದ್ಯರು ಹೇಳುವವರೆಗೂ ದಿನಾ ಅಂಗಾಲಿಗೆ ಮುಲಾಮು ಹಚ್ಚುತ್ತಿದ್ದಳು. ಕೆಟ್ಟಿದ್ದ ತೂಬು ಬೆನ್ನಲ್ಲಿತ್ತು.

ನಮಸ್ಕಾರ.