ಬಲೆಯ ಬಟನ್ ಯಾವ ದೋಣಿಯದ್ದು?

ಎಲ್ಲರಿಗೂ ನಮಸ್ಕಾರ. ಕಾರವಾರದವರ ಮುಂದೆ ದೋಣಿಯ ಉದಾಹರಣೆ ಕೊಡೋದಕ್ಕೆ ಸ್ವಲ್ಪ ಧೈರ್ಯ ಬೇಕು. ತಪ್ಪು ಹೇಳಿದರೆ ಹಿಂದಿನ ಬೆಂಚಿನವರೇ ತಿದ್ದುತ್ತೀರಿ. ಆದರೂ ಇವತ್ತು ಬೈತಖೋಲ ಬಂದರನ್ನೇ ಪರದೆಯ ಮೇಲೆ ತರೋಣ. ನೀಲಿ ಹಿನ್ನೆಲೆ, ಮೂರು ದೋಣಿ. ಒಂದೊಂದಕ್ಕೂ ವೇಗ ಬದಲಿಸಲು ಒಂದು ಸ್ಲೈಡರ್, ಬಲೆ ಬಿಡಲು, ಎಳೆಯಲು ಒಂದು ಬಟನ್. ಒತ್ತಿದ ಬಟನ್ ತನ್ನ ದೋಣಿಗೇ ಸುದ್ದಿ ಮುಟ್ಟಿಸುವಂತೆ ಕೋಡ್ ಬರೆಯುವುದು ಹೇಗೆ, ಅದೇ ಇವತ್ತಿನ ಪಾಠ.

ನಾವು ಬಳಸುವುದು ಪಿ5 ಜೆಎಸ್, ಅಂದರೆ ಕೋಡ್ ಬರೆದು ಬ್ರೌಸರಿನಲ್ಲಿ ಚಿತ್ರ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಕೇಸಿ ರಿಯಾಸ್ ಮತ್ತು ಬೆನ್ ಫ್ರೈ 2001ರಲ್ಲಿ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ, ಕೋಡ್ ಬರೆದು ಚಿತ್ರ ಬಿಡಿಸುವ ಪ್ರೊಸೆಸಿಂಗ್ ಎಂಬ ಸಾಧನ ಶುರು ಮಾಡಿದರು. ಅದೇ ಆಲೋಚನೆಯನ್ನು ಬ್ರೌಸರಿಗೆ ತಂದವರು ಲಾರೆನ್ ಮೆಕಾರ್ಥಿ. ಜಾವಾಸ್ಕ್ರಿಪ್ಟ್ ಆದ್ದರಿಂದ ಕ್ಲಾಸಿಗೆ, ಫಂಕ್ಷನ್‌ಗೆ ಕನ್ನಡದಲ್ಲೇ ಹೆಸರಿಡಬಹುದು. ನಾನು ಹಾಗೇ ಇಡುತ್ತೇನೆ. ಕ್ಲಾಸ್ ಅಂದರೆ ಒಂದೇ ಬಗೆಯ ವಸ್ತುಗಳನ್ನು ಮಾಡುವ ಅಚ್ಚು; ನಮ್ಮ ಕ್ಲಾಸಿನ ಹೆಸರು ‘ದೋಣಿ’.

ಸ್ಲೈಡರಿನದ್ದು ದೊಡ್ಡ ತಲೆನೋವಲ್ಲ. ದೋಣಿ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರಿನಲ್ಲಿ ಅದನ್ನು ಮಾಡಿ ‘ದಿಸ್.ವೇಗ’ ಎಂದು ಇಟ್ಟುಕೊಳ್ಳಿ; ‘ದಿಸ್’ ಅಂದರೆ ಇಲ್ಲಿ ಈ ದೋಣಿ. ಪರದೆಯ ಚಿತ್ರ ಬಿಡಿಸುವ ‘ಡ್ರಾ’ ಫಂಕ್ಷನ್ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಓಡುತ್ತದೆ. ದೋಣಿ ಸಾಗುವಾಗೆಲ್ಲ ಸ್ಲೈಡರಿನ ಬೆಲೆ ಓದಿಕೊಂಡರೆ ಸಾಕು, ಸ್ಲೈಡರ್ ಬದಲಾಯಿತೆಂದು ತಿಳಿಸುವ ಈವೆಂಟೇ ಬೇಡ. ಹಾಗಂತ ಹೊಸ ದೋಣಿಗಳನ್ನು ‘ಡ್ರಾ’ ಒಳಗೆ ಹುಟ್ಟಿಸಬೇಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟದ ತುಂಬ ಸ್ಲೈಡರ್.

ಸಿಕ್ಕಿಕೊಳ್ಳುವುದು ಬಟನ್ ಹತ್ತಿರ. ದೋಣಿಯೊಳಗೆ ‘ಬಲೆಬದಲಿಸು’ ಅಂತ ಒಂದು ಮೆಥಡ್, ಅಂದರೆ ಕ್ಲಾಸಿನ ಸ್ವಂತ ಫಂಕ್ಷನ್, ಇದೆ. ಬಲೆ ನೀರಲ್ಲಿದ್ದರೆ ಮೇಲೆ, ಮೇಲಿದ್ದರೆ ನೀರಿಗೆ. ಒತ್ತಿದಾಗ ಏನು ಓಡಬೇಕೆಂದು ಹೇಳುವ, ಬಟನ್ನಿನ ‘ಮೌಸ್‌ಪ್ರೆಸ್ಡ್’ಗೆ ‘ದಿಸ್.ಬಲೆಬದಲಿಸು’ ಎಂದು ಕೊಡುತ್ತೀರಿ. ಓದಿದರೆ ಎಲ್ಲಾ ಸರಿ ಇದೆ. ಒತ್ತಿದರೆ ಬಲೆ ಅಲ್ಲಾಡುವುದಿಲ್ಲ. ಕೆಂಪು ಅಕ್ಷರದ ಎರರ್ ಕೂಡ ಇಲ್ಲ. ಹೊಸಬರು ಇಲ್ಲೇ ಒಂದು ಸಂಜೆ ಕಳೆಯುತ್ತಾರೆ.

ಏನಾಯ್ತು ನೋಡಿ. ನೀವು ಕೊಟ್ಟಿದ್ದು ಬರೀ ಮೆಥಡ್. ಅದು ಯಾವ ದೋಣಿಯದ್ದು ಅನ್ನುವುದು ಅದರ ಜೊತೆ ಹೋಗಲಿಲ್ಲ. ಒತ್ತಿದಾಗ ಪಿ5 ಅದನ್ನು ಕರೆಯುತ್ತದೆ, ಆದರೆ ‘ದಿಸ್’ ಜಾಗದಲ್ಲಿ ಬಟನ್ನನ್ನೇ ಕೂರಿಸಿ ಕರೆಯುತ್ತದೆ. ಮೆಥಡ್ಡಿನೊಳಗೆ ನೀವು ‘ದಿಸ್.ಬಲೆ’ಯ ಟ್ರೂ-ಫಾಲ್ಸ್ ಬೆಲೆಯನ್ನು ತಿರುವಿ ಹಾಕು ಎಂದಿದ್ದೀರಿ. ಬಟನ್ನಿಗೆ ಬಲೆಯೇ ಇಲ್ಲ. ಜಾವಾಸ್ಕ್ರಿಪ್ಟ್ ತಕರಾರು ಮಾಡುವ ಪೈಕಿ ಅಲ್ಲ: ಇಲ್ಲದ್ದನ್ನು ತಿರುವಿ ‘ಟ್ರೂ’ ಮಾಡಿ, ಬಟನ್ನಿಗೇ ಒಂದು ಹೊಸ ‘ಬಲೆ’ ಅಂಟಿಸಿಬಿಡುತ್ತದೆ. ನಿಮ್ಮ ದೋಣಿಗೆ ಸುದ್ದಿಯೇ ತಲುಪಿಲ್ಲ. ನಂಬಿಕೆ ಬಾರದಿದ್ದರೆ ಮೆಥಡ್ಡಿನ ಮೊದಲ ಸಾಲಿನಲ್ಲಿ ‘ದಿಸ್’ ಅನ್ನು ಕನ್ಸೋಲಿಗೆ ಮುದ್ರಿಸಿ ನೋಡಿ.

ಪರಿಹಾರ ಚಿಕ್ಕದು. ಮೆಥಡ್ಡನ್ನು ನೇರ ಕೊಡುವ ಬದಲು ಒಂದು ಆ್ಯರೋ ಫಂಕ್ಷನ್ (‘=>’ ಎಂಬ ಬಾಣದ ಗುರುತಿನ ಚಿಕ್ಕ ಫಂಕ್ಷನ್) ಕೊಡಿ, ಅದರೊಳಗೆ ‘ದಿಸ್.ಬಲೆಬದಲಿಸು()’ ಎಂದು ಕರೆಯಿರಿ. ಆ್ಯರೋ ಫಂಕ್ಷನ್ನಿಗೆ ಸ್ವಂತ ‘ದಿಸ್’ ಇರುವುದಿಲ್ಲ. ತಾನು ಬರೆಯಲ್ಪಟ್ಟ ಜಾಗದ್ದನ್ನೇ ಬಳಸುತ್ತದೆ. ಕನ್‌ಸ್ಟ್ರಕ್ಟರಿನಲ್ಲಿ ಬರೆದಿದ್ದರಿಂದ ಅದು ಈ ದೋಣಿಯೇ. ಮೆಥಡ್ಡಿಗೆ ‘ದಿಸ್’ ಕಟ್ಟಿಕೊಡುವ ‘ಬೈಂಡ್’ ಬಳಸಿದರೂ ನಡೆಯುತ್ತದೆ, ನನಗೆ ಆ್ಯರೋ ಓದಲು ಸುಲಭ. ಆ್ಯರೋ ಇಲ್ಲದೆ ಕೊನೆಯಲ್ಲಿ ಬ್ರ್ಯಾಕೆಟ್ ಮಾತ್ರ ಹಾಕಿದಿರೋ, ದೋಣಿ ಹುಟ್ಟುವಾಗಲೇ ಮೆಥಡ್ ಒಮ್ಮೆ ಓಡಿ ಮುಗಿಯುತ್ತದೆ. ಒತ್ತಿದಾಗ ಕರೆಯಲು ಏನೂ ಉಳಿದಿರುವುದಿಲ್ಲ.

ಪ್ರೊಸೆಸಿಂಗ್‌ನಲ್ಲಿ ಕಂಟ್ರೋಲ್‌ಪಿ5 ಎಂಬ ಬಟನ್-ಸ್ಲೈಡರ್ ಲೈಬ್ರರಿ ಬಳಸುವವರಿಗೂ ಇದೇ ಗೋಳು, ವೇಷ ಬೇರೆ. ಅದು ಕಂಟ್ರೋಲಿನ ಹೆಸರು ನೋಡಿ ಅದೇ ಹೆಸರಿನ ಫಂಕ್ಷನ್ನನ್ನು ಮುಖ್ಯ ಸ್ಕೆಚ್ಚಿನಲ್ಲಿ (ಪ್ರೋಗ್ರಾಮಿನಲ್ಲಿ) ಹುಡುಕುತ್ತದೆ, ನಿಮ್ಮ ಕ್ಲಾಸಿನೊಳಗಲ್ಲ. ‘ಪ್ಲಗ್‌ಟು’ಗೆ ‘ದಿಸ್’ ಕೊಟ್ಟು ಆಬ್ಜೆಕ್ಟಿನ, ಅಂದರೆ ಆ ದೋಣಿಯ, ಕಡೆ ತಿರುಗಿಸಬೇಕು. ಮೂರು ದೋಣಿಯ ಕಂಟ್ರೋಲಿಗೂ ಒಂದೇ ಹೆಸರಿಟ್ಟರೆ ಹಿಂದಿನದರ ನೋಂದಣಿಯ ಮೇಲೆ ಹೊಸದು ಬಂದು ಕೂರುತ್ತದೆ. ಹೆಸರಿಗೊಂದು ಸಂಖ್ಯೆ ಸೇರಿಸಿ.

ಇನ್ನು ಎಲ್ಲಾ ಕಂಟ್ರೋಲ್‌ಗಳೂ ದೋಣಿಯವೇ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅದಕ್ಕೊಂದು ಬಟನ್ ಬೇಕು. ಎಲ್ಲಿಡೋಣ? ದೋಣಿಯೊಳಗಿಟ್ಟರೆ ಮೂರು ನಿಷೇಧ ಆಗುತ್ತವೆ. ‘ಬಂದರು’ ಎಂಬ ಇನ್ನೊಂದು ಕ್ಲಾಸ್ ಮಾಡಿ, ದೋಣಿಗಳ ಪಟ್ಟಿಯೂ ಆ ಬಟನ್ನೂ ಅದರಲ್ಲಿರಲಿ. ಒತ್ತಿದಾಗ ಬಂದರು ಪ್ರತಿ ದೋಣಿಗೂ ‘ನಿಷೇಧ ಬಂತು’ ಎಂದಷ್ಟೇ ಹೇಳಲಿ. ನಿಲ್ಲಬೇಕೋ ಬೇಡವೋ ದೋಣಿ ತಾನೇ ನೋಡಿಕೊಳ್ಳುತ್ತದೆ: ಟ್ರಾಲರ್ ದಡ ಸೇರುತ್ತದೆ, ನಾಡದೋಣಿ ಹೊರಡುತ್ತದೆ. ಬಂದರಿನ ಕೋಡಿನಲ್ಲಿ ‘ಇದು ಟ್ರಾಲರ್ ಆಗಿದ್ದರೆ’ ಎಂಬ ಸಾಲು ಕಂಡರೆ ಅದನ್ನು ಕಿತ್ತು ದೋಣಿಯೊಳಗೆ ಹಾಕಿ.

ಒಂದು ದೋಣಿಯನ್ನು ಪಟ್ಟಿಯಿಂದ ತೆಗೆದರೂ ಅದರ ಬಟನ್ ಪುಟದಲ್ಲಿ ಹಾಗೇ ಇರುತ್ತದೆ, ಒತ್ತಿದರೆ ಕಾಣದ ದೋಣಿಯ ಬಲೆ ಏಳುತ್ತದೆ, ಇಳಿಯುತ್ತದೆ. ಆದ್ದರಿಂದ ದೋಣಿಗೆ ‘ತೆಗೆ’ ಎಂಬ ಮೆಥಡ್ ಬರೆದು, ಅದರಲ್ಲಿ ಬಟನ್ನಿನ ಮತ್ತು ಸ್ಲೈಡರಿನ ‘ರಿಮೂವ್’ ಕರೆಯಿರಿ. ಈಗ ಲ್ಯಾಪ್‌ಟಾಪ್ ತೆರೆಯಿರಿ, ಮೊದಲು ಆ್ಯರೋ ಇಲ್ಲದೆಯೇ ಬರೆದು ಒತ್ತಿ ನೋಡೋಣ.